ಸೋಲಾಪುರಕ್ಕೆ ಹೋದ ಕೆಂಪು ಜೋಳ

೧೯೭೨ರ ಬರಗಾಲದಲ್ಲಿ ನಾನು ಭಾಲ್ಕಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೀದರಿನಲ್ಲಿ ತರಬೇತಿ ಮುಗಿಸಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಲಬರ್ಗಾದ ಸಾಲೆಯಲ್ಲಿ ಕಲಿತು, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ಹುಡುಗಿ ಹಗಲಿಡೀ ಗುರುತಿಲ್ಲದವರೊಡನೆ ಮಾತಾಡುವ ಕೆಲಸಕ್ಕೆ ಹೇಗೆ ಸೇರಿದಳು ಎಂದು ನೀವು ಮೊಮ್ಮಕ್ಕಳು ಕೇಳುತ್ತಿರುತ್ತೀರಿ. ನಿಜ ಹೇಳಬೇಕೆಂದರೆ ಆ ಕೆಲಸದಲ್ಲಿ ನಮ್ಮ ಮಾತು ಬಹಳ ಕಡಿಮೆ. "ನಂಬರ್ ಹೇಳ್ರಿ", "ಮಾತಾಡ್ರಿ", "ಮುಗೀತೇನ್ರಿ", ಇಷ್ಟೇ. ಯಾರ ಮುಖವೂ ನಮಗೆ ಕಾಣುವುದಿಲ್ಲ, ನಮ್ಮ ಮುಖ ಯಾರಿಗೂ ಕಾಣುವುದಿಲ್ಲ. ನನ್ನಂಥವಳಿಗೆ ಅದು ಹೊಂದಿಕೊಂಡಿತ್ತು. ಒಂದೇ ಒಂದು ದಿನ ಹೊಂದಲಿಲ್ಲ. ಆ ದಿನದ ಸಂಗತಿಯನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ನೀವು ಈಗ ಬೆರಳಿನಿಂದ ಅಂಕಿ ಒತ್ತುತ್ತೀರಿ, ಆ ಕಡೆ ಗಂಟೆ ಬಾರಿಸುತ್ತದೆ. ಎಲ್ಲಿಂದ ಎಲ್ಲಿಗೆ ದಾರಿ ಎಂಬುದನ್ನು ಎಲ್ಲೋ ಇರುವ ಕಂಪ್ಯೂಟರ್ ಹುಡುಕಿಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಹುಡುಕುವ ಕೆಲಸ ಮನುಷ್ಯರದ್ದು. ಬೀರುವಿನಷ್ಟು ದೊಡ್ಡ ಮರದ ಬೋರ್ಡು ಗೋಡೆಗೆ ಆನಿಸಿರುತ್ತಿತ್ತು. ಊರಿನ ಒಂದೊಂದು ಫೋನಿಗೆ ಅದರಲ್ಲಿ ಒಂದೊಂದು ತೂತು, ಅದರ ಮೇಲೊಂದು ಸಣ್ಣ ಮುಚ್ಚಳ. ಅಂಗಡಿಯವರು ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಆ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ಒಂದು ವೈರಿನ ತುದಿಯನ್ನು ಆ ತೂತಿಗೆ ಚುಚ್ಚಿ, ಏನು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಅವರು ಹೇಳಿದ ನಂಬರಿಗೆ ಚುಚ್ಚುತ್ತಿದ್ದೆವು. ಆಗ ಮನೆಗಳಲ್ಲಿ ಫೋನ್ ಎಲ್ಲಿಂದ ಬರಬೇಕು. ಇದ್ದದ್ದು ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿಗಳಲ್ಲಿ, ದಾಲ್ ಮಿಲ್ಲಿನಲ್ಲಿ, ಕಚೇರಿಗಳಲ್ಲಿ. ಬೆಳಗಾದರೆ ತೊಗರಿಯ ಭಾವ, ಕಡಲೆಯ ಭಾವ ಕೇಳುವವರೇ. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಭಾಲ್ಕಿಯ ಕರೆ ಬೀದರಿನ ಬೋರ್ಡಿಗೆ, ಅಲ್ಲಿಂದ ಗುಲ್ಬರ್ಗಾಕ್ಕೆ, ಅಲ್ಲಿಂದ ಮುಂದಕ್ಕೆ, ಒಬ್ಬ ಆಪರೇಟರಿನ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಗಬೇಕು. ಎಷ್ಟೋ ವರ್ಷಗಳ ಮೇಲೆ ಬೀದರಿಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗ ಎಂಜಿನಿಯರ್ ಸಾಹೇಬರು ಆ ಹೊಸ ಪೆಟ್ಟಿಗೆಗಳನ್ನು ನಮಗೆ ತೋರಿಸಿ, "ನೀವು ಮಾಡ್ತಿದ್ದದ್ದೇ ಇದು ಮಾಡ್ತದ್ರಿ, ನಡುವ ಚಹಾ ಮಾತ್ರ ಕೇಳಂಗಿಲ್ಲ" ಎಂದಿದ್ದರು.

ಟ್ರಂಕ್ ಕಾಲಿನಲ್ಲಿ ಪಿ.ಪಿ. ಎಂಬ ಒಂದು ಬಗೆ ಇತ್ತು. ಪರ್ಟಿಕ್ಯುಲರ್ ಪರ್ಸನ್ ಎಂದರೆ ಇಂಥವರೇ ಬೇಕು ಎಂದು ಹೆಸರು ಹೇಳಿ ಬುಕ್ ಮಾಡುವುದು. ಆ ಮನುಷ್ಯ ಬಂದು ಫೋನ್ ಹಿಡಿದ ಮೇಲೆಯೇ ಕರೆ ಜೋಡಿಸುತ್ತಿದ್ದೆವು. ಹೆಸರಿಲ್ಲದೆ ಪಿ.ಪಿ. ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದನ್ನೂ ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ನಮ್ಮದು ಬೌದ್ಧರ ಮನೆ. ನನ್ನ ಮಾವನವರು ಎಷ್ಟೋ ಹಳೆಯ ಕಟ್ಟುಪಾಡುಗಳನ್ನು ಮನೆಯಿಂದ ಆಚೆ ಹಾಕಿದ್ದರು. ಆದರೆ ಇದನ್ನು ಯಾರೂ ಹಾಕಿರಲಿಲ್ಲ, ಹಾಕಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಳು. ಮದುವೆಯಲ್ಲಿ ಒಡಪು ಹೇಳುವಾಗ, ಅಂದರೆ ಗಂಡನ ಹೆಸರನ್ನು ಪದದಲ್ಲಿ ಸೇರಿಸಿ ಹಾಡಿನಂತೆ ಹೇಳುವಾಗ ಮಾತ್ರ ಅದಕ್ಕೆ ಪರವಾನಗಿ. ನನ್ನ ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪಿಗಾಗಿ ಎಷ್ಟು ಕಾಡಿದರೂ ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಕೊನೆಗೆ ನಾದಿನಿ ಸುಂದರಾಬಾಯಿ, "ಇಕಿ ಟೆಲಿಫೋನ್‌ದಾಗೇ ಹೇಳ್ತಾಳ, ಬಿಡ್ರಿ" ಎಂದು ನಗಿಸಿ ನನ್ನನ್ನು ಒಳಗೆ ಬಿಡಿಸಿದ್ದಳು. ಅವಳು ತಮಾಷೆಗೆ ಅಂದದ್ದು ಹಾಗೆಯೇ ಆಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ನಿಮ್ಮ ಅಜ್ಜ ಡ್ರೈವರ್. ಸ್ವಂತ ಲಾರಿ ಇರಲಿಲ್ಲ, ಕರೆದವರ ಲಾರಿ ನಡೆಸುತ್ತಿದ್ದರು. ಊರು ಔರಾದ ತಾಲೂಕಿನ ಡಾಬಕಾ. ಭಾಲ್ಕಿಯಲ್ಲಿ ಎಲ್ಲರೂ ಅವರನ್ನು 'ಡಾಬಕಾ ಡ್ರೈವರ್' ಎಂದೇ ಕರೆಯುತ್ತಿದ್ದರು. ನಾವು ಎಕ್ಸ್‌ಚೇಂಜಿನ ಹತ್ತಿರವೇ ಒಂದು ಕೋಣೆ ಹಿಡಿದಿದ್ದೆವು.

ಮಳೆ ಹೋಗಿ ಆಗ ಎರಡನೆಯ ವರ್ಷ. ಡಾಬಕಾ, ಎಕಂಬಾ ಕಡೆಯ ಜನ ಮನೆಗೆ ಬೀಗ ಹಾಕಿ, ಮಕ್ಕಳು ಮರಿ ಕಟ್ಟಿಕೊಂಡು ಸೋಲಾಪುರದ ಆಚೆ ಕಾಲುವೆ ತೋಡುವ ಕೆಲಸಕ್ಕೆ ಹೋಗುತ್ತಿದ್ದರು. ಗುತ್ತೇದಾರನ ಪರವಾಗಿ ಭಾಲ್ಕಿಯ ಒಬ್ಬ ಅಡತಿ ವ್ಯಾಪಾರಿ ಅವರಿಗೆ ಲಾರಿ ಮಾಡಿ, ದಾರಿಗೆಂದು ಕಾಳಿನ ಚೀಲ ಹಾಕಿ ಕಳಿಸುತ್ತಿದ್ದ. ಆಗ ಸಿಗುತ್ತಿದ್ದದ್ದು ಹೊರದೇಶದಿಂದ ಬಂದ ರೇಷನ್ ಜೋಳ. ಅದರ ಬಣ್ಣ ಕೆಂಪು. ನಮ್ಮ ಬಿಳಿ ಜೋಳದ ರೊಟ್ಟಿ ತಿಂದವರಿಗೆ ಮೊದಮೊದಲು ಅದನ್ನು ನೋಡಿದರೇ ಊಟ ಸೇರುತ್ತಿರಲಿಲ್ಲ. ಬರಬರುತ್ತ ಕಣ್ಣು ರೂಢಿಯಾಯಿತು. ಕೆಂಪು ಜೋಳ ಎಂದರೆ ತಿನ್ನುವ ಜೋಳ ಎಂದು ಎಲ್ಲರಿಗೂ ಆಗಿಹೋಗಿತ್ತು.

ಆ ದಿನ ಮುಂಜಾನೆ ಲಾರಿ ಎಕ್ಸ್‌ಚೇಂಜಿನ ಮುಂದಿನಿಂದಲೇ ಹೋಯಿತು. ವ್ಯಾಪಾರಿಯ ಲಾರಿ ಕೆಟ್ಟು ನಿಂತಿದ್ದರಿಂದ ಬೇರೆ ಯಾರದೋ ಲಾರಿ ತಂದಿದ್ದರು, ಅದನ್ನು ನಿಮ್ಮ ಅಜ್ಜ ನಡೆಸುತ್ತಿದ್ದರು. ಹಾರ್ನ್ ಕೇಳಿ ನಾನು ಕಿಟಕಿಗೆ ಬಂದೆ. ಮೇಲೆ ಗಂಟುಮೂಟೆಗಳ ನಡುವೆ ಸುಂದರಾಬಾಯಿ ಕೂತಿದ್ದಳು, ಮಡಿಲಲ್ಲಿ ಕೂಸು ಕಲಾವತಿ. ನಿಮ್ಮ ಕಲಾವತಿ ಅತ್ತೆಯೇ, ಆಗ ಆಗಷ್ಟೇ ನಡೆಯಲು ಕಲಿತಿದ್ದಳು. ಒಂದು ಮೇಕೆಯೂ ಇತ್ತು. ಸುಂದರಾಬಾಯಿ ಕೂಸಿನ ಕೈ ಹಿಡಿದು ನನ್ನತ್ತ ಆಡಿಸಿದಳು.

ಮಧ್ಯಾಹ್ನ ಆ ಅಡತಿ ಅಂಗಡಿಯ ಮುಚ್ಚಳ ಬಿತ್ತು. ಮಾತಾಡಿದವರು ಅಲ್ಲಿ ಲೆಕ್ಕ ಬರೆಯುವ ಮುನೀಮರು ವೈಜಿನಾಥಪ್ಪ. ಹೈದರಾಬಾದಿಗೆ ಹೋಗಿದ್ದ ತಮ್ಮ ಮಾಲೀಕ ಸೇಠರು ಬೇಕು ಎಂದರು. ಸೇಠರು ಸಿಗಲಿಲ್ಲ. ಹೇಳಿದೆ. ಆಮೇಲೆ, "ಬಾಯಾರ, ನಾ ಅಲ್ಲೇ ಬರ್ತೇನಿ. ಲೈನ್ ಮ್ಯಾಲ ಹೇಳಲಾಕ ಬರಂಗಿಲ್ಲ" ಎಂದು ಇಟ್ಟುಬಿಟ್ಟರು.

ಟ್ರಂಕ್ ಬುಕ್ ಮಾಡುವವರು ನಿಲ್ಲುವ ಕಿಟಕಿ ನನ್ನ ಬೋರ್ಡಿನ ಪಕ್ಕದಲ್ಲೇ ಇತ್ತು. ಮುನೀಮರು ಅಲ್ಲಿಗೆ ಬಂದು ತಮ್ಮ ಬಲಗೈ ಒಳಗೆ ಚಾಚಿದರು. ಅಂಗೈ ಒದ್ದೆಯಾಗಿತ್ತು, ಅರಿಷಿಣ ಕುಂಕುಮ ಕಲೆಸಿದಂತೆ ಕೆಂಪಗಿತ್ತು. ಪೆಟ್ಟಾಗಿದೆ ಎಂದುಕೊಂಡು ನಾನು ಎದ್ದೇಬಿಟ್ಟೆ.

ನೆತ್ತರಲ್ಲ, ಬೀಜಕ್ಕೆ ಹಚ್ಚುವ ಔಷಧದ ಪುಡಿ ಎಂದರು.

ಅವರು ಹೇಳಿದ್ದನ್ನು ಒಟ್ಟು ಮಾಡಿ ಬರೆಯುತ್ತೇನೆ. ಅವರ ಅಂಗಡಿಯಲ್ಲಿ ಬಿತ್ತನೆಗೆಂದು ತಂದ ಹೈಬ್ರಿಡ್ ಜೋಳದ ಬೀಜ ಮಾರಾಟವಾಗದೆ ಉಳಿದಿತ್ತು. ಹುಳು ಹತ್ತಬಾರದೆಂದು ಆ ಬೀಜಕ್ಕೆ ವಿಷ ಬೆರೆಸಿರುತ್ತಾರೆ, ಗುರುತಿಗೆಂದು ಕೆಂಪು ಬಣ್ಣ ಹಾಕಿರುತ್ತಾರೆ. ಬೀಜ ಬರುತ್ತಿದ್ದದ್ದು ಒಳ್ಳೆಯ ಬಟ್ಟೆಯ ಸಣ್ಣ ಚೀಲಗಳಲ್ಲಿ. ಚೀಲದ ಮೇಲೆ ತಲೆಬುರುಡೆಯ ಚಿತ್ರ. ಆ ಬರದಲ್ಲಿ ಬಟ್ಟೆಗೂ ಬರ. ಹಮಾಲರು ಬೀಜವನ್ನೆಲ್ಲ ಒಂದು ಗೋಣಿಚೀಲಕ್ಕೆ ಸುರುವಿ, ಬಟ್ಟೆಯ ಚೀಲಗಳನ್ನು ಮನೆಗೊಯ್ದು ಮಕ್ಕಳಿಗೆ ಅಂಗಿ ಚಡ್ಡಿ ಹೊಲಿಸಿದ್ದರು. ಒಗೆದರೂ ಹೋಗದ ತಲೆಬುರುಡೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡಾಡುವ ಮಕ್ಕಳನ್ನು ನಾನೂ ಭಾಲ್ಕಿಯ ಓಣಿಗಳಲ್ಲಿ ನೋಡಿದ್ದೆ, ನಕ್ಕಿದ್ದೆ. ಬಟ್ಟೆ ಬೇಕೆಂದು ಕೇಳಿದಾಗ ಒಯ್ಯಿರಿ ಎಂದವರು ಈ ಮುನೀಮರೇ. ಅಂದು ಮುಂಜಾನೆ ಅವಸರದಲ್ಲಿ ಲಾರಿಗೆ ಏರಿದ್ದು ರೇಷನ್ ಜೋಳದ ಗೋಣಿಯಲ್ಲ, ಆ ಬೀಜದ ಗೋಣಿ. ಎರಡೂ ಕೆಂಪು, ಎರಡೂ ಜೋಳ. ಮಧ್ಯಾಹ್ನ ತಮ್ಮ ಮನೆಗೆಂದು ರೇಷನ್ ಜೋಳ ಅಳೆದುಕೊಳ್ಳಲು ಮುನೀಮರು ಅಂಗಡಿಯ ಒಳಗೆ ಹೋದಾಗ, ಲಾರಿಗೆ ಹೋಗಬೇಕಿದ್ದ ಗೋಣಿ ಅಲ್ಲೇ ಇದ್ದದ್ದು ಅವರಿಗೆ ಕಂಡಿತು. ಬೀಜದ ಮೂಲೆ ಖಾಲಿಯಾಗಿತ್ತು. ನೆಲಕ್ಕೆ ಚೆಲ್ಲಿದ್ದ ನಾಲ್ಕು ಕಾಳನ್ನು ಒದ್ದೆ ಕೈಯಲ್ಲಿ ಉಜ್ಜಿ ನೋಡಿದಾಗ ಅಂಗೈ ಹೀಗಾಯಿತು.

ಸುಂದರಾಬಾಯಿ ಕೂಸಿನ ಕೈ ಹಿಡಿದು ಆಡಿಸಿದ್ದೊಂದೇ ಕಣ್ಣ ಮುಂದೆ.

ಲಾರಿ ಸೋಲಾಪುರದಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ನಿಲ್ಲಬೇಕಿತ್ತು. ಗುತ್ತೇದಾರನ ಮನುಷ್ಯ ಅಲ್ಲಿ ಸಿಕ್ಕು ಮುಂದಿನ ದಾರಿ ಹೇಳುತ್ತಾನೆ. ಸಂಜೆಗೆ ಮುಂದೆ ಎಲ್ಲೋ ಹೊಲದಲ್ಲಿ ಇಳಿದು ಕಲ್ಲಿಟ್ಟು ಒಲೆ ಹೂಡುತ್ತಾರೆ. ಒಮ್ಮೆ ಸೋಲಾಪುರ ದಾಟಿದರೆ ಅವರನ್ನು ಹಿಡಿಯುವ ಫೋನ್ ಯಾವ ಹೊಲದಲ್ಲೂ ಇಲ್ಲ. ಅಲ್ಲಿಂದ ಹೊರಡುವ ಮುಂಚೆಯೇ ಹಿಡಿಯಬೇಕು. ಮುನೀಮರಿಗೆ ಆ ಬಾಡಿಗೆ ಲಾರಿಯ ನಂಬರೂ ಗೊತ್ತಿರಲಿಲ್ಲ.

ಲೈಟ್ನಿಂಗ್ ಕಾಲ್ ಬುಕ್ ಮಾಡುತ್ತೇನೆ ಎಂದೆ. ಎಲ್ಲ ಕರೆಗಳನ್ನೂ ಬದಿಗೆ ಸರಿಸಿ ಮೊದಲು ಹೋಗುವ ಕರೆ ಅದು. ಮುನೀಮರು ಕಿಟಕಿಯ ಸರಳು ಹಿಡಿದುಕೊಂಡು ದನಿ ತಗ್ಗಿಸಿದರು.

"ಬಾಯಾರ, ಲೈನ್ ಮ್ಯಾಲ ವಿಷ ಅನಬ್ಯಾಡ್ರಿ. ಬೀದರದಾಗ ಕೇಳ್ತಾರ, ಗುಲ್ಬರ್ಗಾದಾಗ ಕೇಳ್ತಾರ. ಸಂಜಿ ಅನ್ನೋದ್ರಾಗ ಪೊಲೀಸ್ರು ಅಂಗಡಿ ಮುಂದ ನಿಂದರ್ತಾರ. ನನ್ನ ಮಕ್ಕಳ ಗತಿ ಏನ್ರಿ? ಚೀಲ ಬದಲಿ ಆಗ್ಯಾದ, ಬಿಚ್ಚಬ್ಯಾಡ್ರಿ, ಅಷ್ಟೇ ಅನ್ರಿ."

ನಾನು ತಲೆಯಾಡಿಸಿದೆ. ಆ ಹೊತ್ತಿಗೆ ಅದು ನನಗೆ ದೊಡ್ಡದಾಗಿ ಕಾಣಿಸಲಿಲ್ಲ.

ಬೀದರಿನ ಬೋರ್ಡಿನಲ್ಲಿ ಎಸ್ತೇರಮ್ಮ ಇದ್ದರು. ಮೆಥಡಿಸ್ಟ್ ಚರ್ಚಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ನನಗೆ ಕೆಲಸ ಕಲಿಸಿದವರು. ಯಾರ ಹೆಸರಿಗೆ ಎಂದು ಕೇಳಿದರು. ನಾನು 'ಡಾಬಕಾ ಡ್ರೈವರ್' ಎಂದೆ. ಅವರು ಗುಲ್ಬರ್ಗಾಕ್ಕೆ ಹೇಳಿದರು, ಗುಲ್ಬರ್ಗಾದವರು ಸೋಲಾಪುರಕ್ಕೆ. ನಾನು ಎದೆಯ ಮೇಲೆ ಕಟ್ಟಿಕೊಂಡ ಮೌತ್‌ಪೀಸನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬಂತು. ಅಲ್ಲಿ ಲಾರಿಗಳ ಸಂತೆ ನೆರೆದಿದೆ, ಆ ಹೆಸರಿನವರು ಯಾರೂ ಇಲ್ಲ, ಸರಿಯಾದ ಹೆಸರು ಬೇಕು. ಅಷ್ಟು ಕೇಳುವಷ್ಟರಲ್ಲಿ ಲೈನಿನಲ್ಲಿ ಬಾಣಲೆಗೆ ಒಗ್ಗರಣೆ ಬಿದ್ದಂಥ ಸದ್ದು ಎದ್ದು ಎಸ್ತೇರಮ್ಮನವರ ದನಿ ಮುಳುಗಿಹೋಯಿತು.

ಇದು ಆ ವರ್ಷದ ಇನ್ನೊಂದು ಕಾಟ. ನಮ್ಮ ಬೋರ್ಡಿನಿಂದ ಒಂದು ತಂತಿ ಹಿತ್ತಲಿನ ಗುಂಡಿಗೆ ಇಳಿದಿತ್ತು. ಅರ್ಥಿಂಗ್ ಎನ್ನುತ್ತಾರೆ. ಗುಂಡಿಯ ಮಣ್ಣು ಹಸಿಯಾಗಿದ್ದರೆ ಲೈನು ಸ್ಪಷ್ಟ, ಒಣಗಿದರೆ ಬರೀ ಗೊರಗೊರ. ದಿನವೂ ಅದಕ್ಕೆ ನೀರು ಹಾಕಬೇಕೆಂದು ನಿಯಮ. ಮನುಷ್ಯರಿಗೇ ನೀರಿಲ್ಲದಾಗ ಗುಂಡಿಗೆ ಯಾರು ಹಾಕುತ್ತಾರೆ. ನೆಲ ಬಿರುಕು ಬಿಟ್ಟಿತ್ತು.

ಲೈನ್‌ಮನ್ ಖಾಜಾಮಿಯಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮೂಲೆಯಲ್ಲಿ ಒಂದೇ ಒಂದು ಕೊಡ ಕುಡಿಯುವ ನೀರಿತ್ತು. ಮುಂಜಾನೆ ಟ್ಯಾಂಕರಿನ ಮುಂದೆ ಜಗಳವಾಡಿ ಅವರೇ ತಂದದ್ದು. ಅವರು ಕೊಡ ಎತ್ತಿ ಹೆಗಲ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದರು.

"ಹಾಕ್ಲೇನ್ರಿ ಬಾಯಿ? ಆಮ್ಯಾಲ ನೀರಡಿಕಿ ಆಗ್ಯಾದ ಅಂತ ಅನಬಾರ್ದು."

ಹಾಕಿರಿ ಎಂದೆ. ನೆಲ ಆ ನೀರನ್ನು ಸುರ್ರೆಂದು ಎಳೆದುಕೊಂಡದ್ದು ಒಳಗೆ ಕೂತ ನನಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು. ಬೀದರ ಮತ್ತೆ ಬಂತು.

"ಹೆಸರು ಹೇಳವ್ವ ಶಾಂತಾ" ಎಂದರು ಎಸ್ತೇರಮ್ಮ.

"ನಮ್ಮ ಮನಿಯವರ್ರಿ ಅಕ್ಕಾ."

"ಅಯ್ಯ, ಅಲ್ಲಿ ಬೀಡಿ ಸೇದ್ಕೋತ ಕುಂತವರೆಲ್ಲಾ ಯಾರದೋ ಒಬ್ಬರ ಮನಿಯವರೇ. ಹಂಗಂದ್ರ ಯಾರು ಏಳ್ತಾರ?"

ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. ಮುನೀಮರಿಗೆ ಕೇಳಿದೆ, ಹೆಸರು ನಿಮಗೆ ಗೊತ್ತೇನ್ರಿ ಎಂದು. ಅವರು ಡಾಬಕಾ ಡ್ರೈವರ್ ಎಂದೇ ಕರೆದವರು, ತಿಳಿದಿರಲಿಲ್ಲ. ಖಾಜಾಮಿಯಾ ಅವರಿಗೂ ಅಷ್ಟೇ. ಆ ಊರಿನಲ್ಲಿ ಆ ಹೆಸರು ಗೊತ್ತಿದ್ದವಳು ಅಂದು ನಾನೊಬ್ಬಳೇ. ಆಗ ಒಂದು ಉಪಾಯ ಹೊಳೆಯಿತು. ಟ್ರಂಕಿನಲ್ಲಿ ಹೆಸರು ಸ್ಪಷ್ಟವಾಗಲೆಂದು ಅದರ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಆ ಅಕ್ಷರದಿಂದ ಶುರುವಾಗುವ ಒಂದೊಂದು ಊರು ಹೇಳುವ ಪದ್ಧತಿ ಇತ್ತು. ಮದ್ರಾಸು, ಆಗ್ರಾ, ನಾಗಪುರ, ಇಂದೂರು, ಕಾನಪುರ ಎಂದು ಊರುಗಳನ್ನಷ್ಟೇ ಹೇಳಿದೆ. ಎಸ್ತೇರಮ್ಮನವರು ಅರ್ಥ ಮಾಡಿಕೊಂಡು ಅದನ್ನೇ ಮುಂದೆ ಕಳಿಸಿದರು. ನನಗೆ ಉಸಿರು ಬಂದಂತಾಯಿತು. ಆಡದೆಯೇ ಕೆಲಸವಾಯಿತು ಎಂದುಕೊಂಡೆ.

ಆದರೆ ಟ್ರಾನ್ಸ್‌ಪೋರ್ಟ್ ಆಫೀಸಿನವನಿಗೆ ಆ ಊರುಗಳೆಲ್ಲ ಲಾರಿ ಹೋಗುವ ಊರುಗಳೇ. ಕಾನಪುರಕ್ಕೆ ಇವತ್ತು ಯಾವ ಗಾಡಿಯೂ ಇಲ್ಲ ಎಂದು ರೇಗಿದನಂತೆ. ಎಸ್ತೇರಮ್ಮ ಇಷ್ಟನ್ನು ತಿಳಿಸಿ, ಒಬ್ಬರಿಂದ ಒಬ್ಬರಿಗೆ ದಾಟುವಾಗ ಹೆಸರು ಕೆಡುತ್ತದೆ, ನಡುವೆ ಇನ್ನು ಯಾರೂ ಬೇಡ, ನಿನ್ನನ್ನೇ ನೇರವಾಗಿ ಅವನಿಗೆ ಜೋಡಿಸುತ್ತೇನೆ ಎಂದರು. ಆಮೇಲೆ ಮೆತ್ತಗೆ ಹೇಳಿದರು.

"ನನಗ ಗೊತ್ತದ ಅವ್ವಿ. ನಾನೂ ನಮ್ಮವರ ಹೆಸರು ಹಿಡಿದಾಕಿ ಅಲ್ಲ. ಆದ್ರ ಈಗ ಹೇಳು."

ಕಟ್ ಕಟ್ ಎಂದು ಒಂದೊಂದೇ ಊರು ದಾಟಿ, ಕೊನೆಗೆ ಒಂದು ಗಡಸು ದನಿ ಕಿವಿಗೆ ಬಿತ್ತು. ಅದರ ಹಿಂದೆ ಇಂಜಿನ್ನುಗಳ ಸದ್ದು. ಆ ಲಾರಿಗಳಲ್ಲಿ ಯಾವುದೋ ಒಂದು ಹೊರಡುತ್ತಿತ್ತು. "ನಾಮ್ ಬೋಲೋ" ಎಂದನವನು. ನಾನು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ, ಮದುವೆಯ ದಿನ ಬಾಗಿಲಲ್ಲಿ ನಿಂತಾಗ ಆದಂತೆಯೇ. ಹೇಳಿದರೆ ಅವರಿಗೆ ಏನಾದರೂ ಆಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಹೇಳದಿದ್ದರೆ ಆಗುವುದು ಇನ್ನೊಂದು ಕಡೆ ಮುನೀಮರ ಅಂಗೈಯಲ್ಲಿ ಕೆಂಪಗೆ ಕಾಣುತ್ತಿತ್ತು. ಅವನು ಫೋನ್ ಇಡುತ್ತೇನೆ ಎಂದ.

"ಮಾಣಿಕ" ಎಂದೆ.

ಅವನಿಗೆ ಕೇಳಿಸಲಿಲ್ಲ. ಎದ್ದು ನಿಂತೆ, ಕಣ್ಣು ಮುಚ್ಚಿಕೊಂಡು ಕೂಗಿದೆ.

"ಮಾಣಿಕ. ಡಾಬಕಾ ಮಾಣಿಕ. ಬೀದರ ಕಡಿಂದ ಬಂದ ಲಾರಿ, ಹೆಣ್ಣುಮಕ್ಕಳು ಕೂಸು ಇರೋ ಲಾರಿ."

ಕಿಟಕಿಯ ಹೊರಗೆ ಟ್ರಂಕಿಗಾಗಿ ಕಾಯುತ್ತಿದ್ದವರ ಮಾತು ನಿಂತುಹೋಯಿತು. ಸೋಲಾಪುರದಲ್ಲಿ ಆ ಮನುಷ್ಯ ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕೂಗಿದ್ದು ನನಗೆ ಕೇಳಿಸಿತು. ಇನ್ನೊಬ್ಬ ಯಾರೋ ಅದನ್ನೇ ಆಚೆ ಕೂಗಿದ, ಮತ್ತೊಬ್ಬ ಇನ್ನೂ ಆಚೆ. ನಾನು ಆಡಿದ ಆ ಹೆಸರು ಲಾರಿಗಳ ನಡುವೆ ನನ್ನಿಂದ ದೂರ ದೂರ ಹೋಗಿ ಕೇಳಿಸದಾಯಿತು. ಆಮೇಲೆ ಬರೀ ಇಂಜಿನ್ ಸದ್ದು. ಲಾರಿ ಹೊರಟುಹೋಗಿರಬೇಕು ಎನಿಸಿತು. ಬೋರ್ಡಿನ ಅಂಚು ಹಿಡಿದುಕೊಂಡೇ ನಿಂತಿದ್ದೆ. ಇಷ್ಟು ಹೊತ್ತು ಕಾಯಿಸಿದ ಕರೆಯನ್ನು ಯಾವ ಆಪರೇಟರೂ ಹಿಡಿದಿಡುವುದಿಲ್ಲ. ಎಸ್ತೇರಮ್ಮ ಹಿಡಿದಿಟ್ಟಿದ್ದರು.

ಫೋನ್ ಎತ್ತಿದ ಸದ್ದು. ಆಮೇಲೆ ನಿಮ್ಮ ಅಜ್ಜನ ದನಿ.

"ಯಾರು ಕರದ್ದು?"

"ಭಾಲ್ಕಿಯಿಂದ್ರಿ" ಎಂದೆ. ಅಷ್ಟರಲ್ಲಿ ಅವರಿಗೆ ನನ್ನ ಗುರುತು ಸಿಕ್ಕಿತು. ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡಿರಬೇಕು.

ಮುನೀಮರು ಸರಳಿನ ಆಚೆ ಕೈ ಮುಗಿದರು. ನಾನು ಅವರು ಹೇಳಿ ಕೊಟ್ಟಂತೆಯೇ ಹೇಳಿದೆ, ಚೀಲ ಬದಲಿಯಾಗಿದೆ, ಬಿಚ್ಚಬೇಡಿ ಎಂದು. ನಿಮ್ಮ ಅಜ್ಜ ನಿಟ್ಟುಸಿರು ಬಿಟ್ಟರು.

"ಇಷ್ಟಕ್ಕ ಟ್ರಂಕ್ ಮಾಡಿದೇನು? ಎದಿ ಒಡ್ಕೊಂಡು ಓಡಿ ಬಂದೆ. ಬದಲಿ ಆದ್ರ ಆಗ್ಲಿ, ಜೋಳ ಜೋಳಾನೇ. ಇವರು ಮುಂಜಾನಿಂದ ಉಪಾಸ ಆರ, ಇಲ್ಲೇ ನೀರು ಸಿಕ್ಕಾದ, ಕುದಿಸ್ಲಾಕ ಇಟ್ಟಾರ. ಸೇಠರಿಗಿ ಆಮ್ಯಾಲ ಬ್ಯಾರೆ ಚೀಲ ಕೊಡೋಣು, ಇಡು."

ಕುದಿಸಲು ಇಟ್ಟಿದ್ದಾರೆ ಎಂಬುದು ನನ್ನ ತಲೆಗೆ ಇಳಿಯಲು ಒಂದು ಕ್ಷಣ ಬೇಕಾಯಿತು. ಮುನೀಮರ ಕಡೆ ಮತ್ತೆ ನೋಡಲಿಲ್ಲ.

"ಅದು ಜೋಳ ಅಲ್ರಿ, ಬಿತ್ತೋ ಬೀಜ. ವಿಷ ಹಾಕ್ಯಾರ. ವಿಷ ಅದ. ಒಲಿ ಆರಸ್ರಿ. ಕೂಸಿಗಿ ಕೊಡಬ್ಯಾಡ್ರಿ, ವಿಷ ಅದ."

ಅವರು ಏನೋ ಅಂದರು. ಆ ಮಾತಿನ ನಡುವೆಯೇ ಗೊರಗೊರ ಎದ್ದು ಲೈನು ಸತ್ತಿತು. ಗುಂಡಿ ಅಷ್ಟೂ ನೀರನ್ನು ಕುಡಿದು ಮತ್ತೆ ಒಣಗಿತ್ತು. ಹಾಕಲು ಇನ್ನೊಂದು ಕೊಡ ಇರಲಿಲ್ಲ. ಖಾಜಾಮಿಯಾ ಸೈಕಲ್ ಹತ್ತಿ ನೀರಿಗೆ ಹೋದರು. ಮುನೀಮರು ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಕುಸಿದು ಕೂತರು. ನನ್ನ ಕೊನೆಯ ಮಾತು ನಿಮ್ಮ ಅಜ್ಜನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಸಂಜೆಯವರೆಗೆ ಎಷ್ಟು ಸಲ ಯತ್ನಿಸಿದರೂ ಬೀದರ ಬರಲಿಲ್ಲ. ಆ ರಾತ್ರಿಯ ಬಗ್ಗೆ ನಾನು ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಖಾಜಾಮಿಯಾ ತಂದ ನೀರು ಗುಂಡಿಗೆ ಬಿದ್ದ ಮೇಲೆ ಬೀದರ ಲೈನಿನ ಮುಚ್ಚಳ ಬಿದ್ದಾಗ ವೈರು ಚುಚ್ಚಲು ನನ್ನ ಕೈ ಏಳಲಿಲ್ಲ. ಖಾಜಾಮಿಯಾ ಹಿಂದಿನಿಂದ, "ತೊಗೋರಿ ಬಾಯಿ" ಎಂದರು. ತೆಗೆದುಕೊಂಡೆ. ಸೋಲಾಪುರದಿಂದ ಸುದ್ದಿ ತರಿಸಿಕೊಂಡಿದ್ದ ಎಸ್ತೇರಮ್ಮ ಮೊದಲು ಹೇಳಿದ್ದು, "ಎಲ್ಲಾರೂ ಆರ, ಜೀವಂತ ಆರ." ಆಮೇಲೆ ಅವರಿಗೇ ಅಳು ಬಂತು.

ಉಳಿದದ್ದು ನಿಮ್ಮ ಅಜ್ಜ ಬಂದ ಮೇಲೆ ತಿಳಿಯಿತು. ಹೊತ್ತೇರಿದ ಮೇಲೆ ಉಮರ್ಗಾದ ಈಚೆ ಒಂದು ಬಾವಿಯ ಹತ್ತಿರ ಅಡುಗೆಗೆಂದು ಲಾರಿ ನಿಲ್ಲಿಸಿದ್ದರಂತೆ. ಚೀಲವನ್ನೂ ಬಿಚ್ಚಿದ್ದರು. ಬಾವಿಗೆ ಬಿಟ್ಟ ಕೊಡ ಕಲ್ಲಿಗೆ ಬಡಿಯಿತು, ತಳದಲ್ಲಿ ಹನಿ ನೀರಿಲ್ಲ. ನೀರಿಲ್ಲದೆ ಏನು ಬೇಯಿಸುವುದು. ಬೈದುಕೊಂಡು ಹಸಿದ ಹೊಟ್ಟೆಯಲ್ಲೇ ಲಾರಿ ಹತ್ತಿದ್ದರು. ನಮ್ಮವರನ್ನೆಲ್ಲ ಊರು ಬಿಡಿಸಿದ ಆ ಬರವೇ ಅಂದು ಆ ಬಾವಿಯ ಹತ್ತಿರ ಅವರನ್ನು ಉಳಿಸಿತ್ತು. ಚೀಲಕ್ಕೆ ಬಾಯಿ ಹಾಕಿದ್ದ ಮೇಕೆ ದಾರಿಯಲ್ಲೇ ಸತ್ತಿತು. ಬಿಸಿಲಿಗೆ ಸತ್ತಿತು ಎಂದುಕೊಂಡರು. ಸೋಲಾಪುರದಲ್ಲಿ ನೀರು ಸಿಕ್ಕ ಕೂಡಲೇ ಒಲೆ ಹೂಡಿದರು. ಕಾಳು ಕುದಿಯುವಾಗ ನೀರು ರಂಗಿನಂತೆ ಕೆಂಪಾದದ್ದನ್ನು ಸುಂದರಾಬಾಯಿ ನೋಡಿ, ಹೊರದೇಶದ ಜೋಳ ಹೀಗೇ ಇರಬೇಕು ಎಂದಿದ್ದಳು.

ನಿಮ್ಮ ಅಜ್ಜ ಫೋನ್ ಬಿಟ್ಟು ಓಡಿ ಬಂದು ಪಾತ್ರೆಯನ್ನು ಒದ್ದರು. ಹಸಿದ ಜನ ಅವರನ್ನು ಹೊಡೆಯಲು ಎದ್ದರಂತೆ. ಆಗ ಸತ್ತ ಮೇಕೆಯ ನೆನಪಾಗಿ ಎಲ್ಲರೂ ತಣ್ಣಗಾದರು. ನಿಮ್ಮ ಅಜ್ಜ ಕೂಸು ಕಲಾವತಿಯ ಕೈ ಬಿಡಿಸಿ ನೋಡಿದರೆ ಅಂಗೈ ಕೆಂಪು. ಆಡಲು ಹಿಡಿದಿದ್ದಳೋ, ಬಾಯಿಗೂ ಹಾಕಿದ್ದಳೋ, ಯಾರೂ ನೋಡಿರಲಿಲ್ಲ. ಸೋಲಾಪುರದ ದವಾಖಾನೆಯಲ್ಲಿ ಡಾಕ್ಟರು ಅವಳಿಗೆ ವಾಂತಿ ಮಾಡಿಸಿ, ಬೆಳಗಾದ ಮೇಲೆ ಇನ್ನು ಭಯವಿಲ್ಲ ಎಂದರು. ಪ್ರತಿ ವರ್ಷ ಬಂದು ನಿಮಗೆ ಶೇಂಗಾ ಹೋಳಿಗೆ ಮಾಡಿ ಬಡಿಸುವ ಕಲಾವತಿ ಅತ್ತೆಗೆ ಇದಾವುದೂ ನೆನಪಿಲ್ಲ.

ಮುನೀಮರ ಕೆಲಸ ಹೋಯಿತು. ಸೇಠರು ಬಂದ ದಿನ ತಾವೇ ಎಲ್ಲ ಹೇಳಿದರಂತೆ. ಆಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದರು. ಹೊರಡುವ ದಿನ ಅವರ ಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದರು. ನನಗೆ ಈಗಲೂ ಅದು ಕಷ್ಟವಾಗುತ್ತದೆ. ತಪ್ಪು ಅವರದು ಹೌದು. ಆದರೆ ಆ ಕೆಂಪು ಕೈ ಹಿಡಿದುಕೊಂಡು ಓಡಿ ಬಂದವರೂ ಅವರೇ. ಕೈ ತೊಳೆದುಕೊಂಡು ಅಂಗಡಿಯಲ್ಲೇ ಕೂತಿದ್ದರೆ ಯಾರೂ ಕೇಳುವವರಿರಲಿಲ್ಲ.

ಡಾಬಕಾದಲ್ಲಿದ್ದ ನನ್ನ ಅತ್ತೆ ತಮ್ಮ ಮೊಮ್ಮಗಳು ಕಲಾವತಿ ಬದುಕಿದ್ದಕ್ಕೆ ಸಂತೋಷಪಟ್ಟು, ಅದರ ಹಿಂದೆಯೇ, "ಗಂಡನ ಹೆಸರು ಸೋಲಾಪುರದ ತನಕ ಒದರ್ಯಾಳ ನನ್ನ ಸೊಸಿ" ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿದರು. ಬೈದರೋ ಹೊಗಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ನಿಮ್ಮ ಅಜ್ಜ ಮಾತ್ರ ಬಹಳ ವರ್ಷ ಕಾಡಿದರು. ಮನೆಯಲ್ಲಿ ನಾನು, ರೀ, ಇಲ್ಲಿ ಕೇಳ್ರಿ ಎಂದರೆ, "ಹಂಗ ಕರದ್ರ ನಾ ಬರಂಗಿಲ್ಲ, ಟ್ರಂಕ್ ಬುಕ್ ಮಾಡು" ಎನ್ನುತ್ತಿದ್ದರು. ನಾನು ಮತ್ತೆ ಹೇಳಲಿಲ್ಲ.

ನಿವೃತ್ತಿಯ ತನಕ ಎಷ್ಟೋ ಬೋರ್ಡುಗಳ ಮುಂದೆ ಕೂತೆ, ಕೊನೆಗೆ ಕಂಪ್ಯೂಟರಿನ ಮುಂದೆಯೂ ಕೂತೆ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಹೇಳಿಕೊಟ್ಟದ್ದು ಒಂದೇ. ಕೆಟ್ಟ ಸುದ್ದಿ ಮುಟ್ಟಿಸುವಾಗ ಮರ್ಯಾದೆಗೆಂದು ಮಾತನ್ನು ಮೆತ್ತಗೆ ಮಾಡಬೇಡಿ. ಯಾರಿಗೆ ಎಂಬುದನ್ನು ಹೆಸರು ಹಿಡಿದು ಹೇಳಿ, ಏನು ಎಂಬುದನ್ನೂ ಅದರ ಹೆಸರಿನಿಂದಲೇ ಹೇಳಿ. ಆ ಕಡೆ ಒಲೆಯ ಮೇಲೆ ಏನಿದೆ ಎಂದು ನಿಮಗೆ ಕಾಣುವುದಿಲ್ಲ. ನಿಮಗೂ ಇದನ್ನೇ ಹೇಳುತ್ತೇನೆ.

ಆ ಹೆಸರನ್ನು ನಾನು ಎರಡನೆಯ ಸಲ ಆಡಿದ್ದು ನಿಮ್ಮ ಅಜ್ಜನ ಕೊನೆಯ ದಿನಗಳಲ್ಲಿ. ಬೀದರಿನ ದವಾಖಾನೆ. ನಿಮ್ಮ ಅಪ್ಪ ಔಷಧ ತರಲು ಹೋಗಿದ್ದ. ನರ್ಸ್ ಬಂದು ಪೇಶೆಂಟ್ ಹೆಸರು ಏನಮ್ಮ ಎಂದಳು. ನಾನು ಹೇಳಿದೆ. ಎಷ್ಟೋ ವರ್ಷದ ರೂಢಿ, ದನಿ ತಾನಾಗಿಯೇ ಟ್ರಂಕ್ ಲೈನಿನ ದನಿಯಾಯಿತು, ವಾರ್ಡಿನವರೆಲ್ಲ ತಿರುಗಿ ನೋಡಿದರು. ಎರಡು ದಿನದಿಂದ ಕಣ್ಣು ತೆರೆಯದಿದ್ದ ನಿಮ್ಮ ಅಜ್ಜ ಮೂಗಿನ ನಳಿಕೆಯ ಹಿಂದಿನಿಂದ ನಿಧಾನವಾಗಿ ಕೇಳಿದರು, "ಯಾರು ಕರದ್ದು?"

"ಭಾಲ್ಕಿಯಿಂದ್ರಿ" ಎಂದೆ.